ಹಳೆ ಟೆಂಡರ್ ಯಾರಿಗೆ, ಎಷ್ಟಕ್ಕೆ ಹೋಯ್ತು? ಅವಾರ್ಡ್ ನೋಟಿಸ್ ನೋಡಿ ಲೆಕ್ಕ ಹಾಕಿದವರು ಹೇಳಿ

ಕೇಳಿದವರು: ನಮ್ಮದು ಸಣ್ಣ ಕ್ಲೀನಿಂಗ್ ಕಂಪನಿ. ಇದುವರೆಗೆ ಖಾಸಗಿ ಆಫೀಸುಗಳ ಕೆಲಸ ಮಾತ್ರ. ಸರ್ಕಾರಿ ಟೆಂಡರ್‌ಗೆ ಇಳಿಯುವ ಮೊದಲು ಅವಾರ್ಡ್ ನೋಟಿಸ್‌ಗಳನ್ನು (ಗುತ್ತಿಗೆ ಯಾರಿಗೆ ಕೊಟ್ಟೆವು ಅಂತ ಕಚೇರಿ ಹಾಕುವ ಪ್ರಕಟಣೆ) ಓದಿ ಮಾರ್ಕೆಟ್ ಅಂದಾಜು ಮಾಡಬೇಕು ಅಂತಿದ್ದೇನೆ. ಉಪಯೋಗ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸೆಕ್ಯುರಿಟಿ ಏಜೆನ್ಸಿಯವರು: ರೇಟ್ ತಿಳಿಯೋಕೆ ಅಂತ ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. ನಾವು ನೋಡಿದ ನೋಟಿಸ್‌ನಲ್ಲಿ ಒಟ್ಟು ಮೊತ್ತ ಮಾತ್ರ ಇತ್ತು. ಹಳೆ ಗುತ್ತಿಗೆಯಲ್ಲಿ ವಾಕಿಟಾಕಿ, ಯೂನಿಫಾರ್ಮ್, ಗಾರ್ಡ್ ರೂಮಿನ ಕರೆಂಟ್ ಎಲ್ಲ ಕಚೇರಿಯ ಖರ್ಚೇ ಆಗಿತ್ತು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಾವು ಗೆದ್ದಾಗ ಅದೆಲ್ಲ ನಮ್ಮ ತಲೆ ಮೇಲೆ ಬಿತ್ತು. ಬ್ಯಾಂಕ್ ಗ್ಯಾರಂಟಿಗೆ ಕಮಿಷನ್ ಬೇರೆ. ಅದಕ್ಕಿಟ್ಟ ಮಾರ್ಜಿನ್ ಹಣ ಗುತ್ತಿಗೆ ಮುಗಿಯುವವರೆಗೂ ಕೈಗೆ ಬರಲಿಲ್ಲ. ಬಿಲ್ ಪಾಸಾಗುವುದು ತಡ, ಆದರೆ ಗಾರ್ಡ್‌ಗಳ ಸಂಬಳ ತಡ ಮಾಡೋ ಹಾಗಿಲ್ಲ. ನಡುವೆ ಓವರ್‌ಡ್ರಾಫ್ಟ್ ಬಡ್ಡಿ. ಅಷ್ಟರಲ್ಲಿ ಕನಿಷ್ಠ ವೇತನ ಏರಿತು, ನಮ್ಮ ದರ ಏರಿಸುವ ಷರತ್ತು ಇರಲಿಲ್ಲ. ಆ ನೋಟಿಸ್ ಬರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪ್ರಿಂಟರ್ ಸಪ್ಲೈ ಮಾಡುವವರು: ನಾನು ದರದ ಕಾಲಂ ನೋಡುವುದೇ ಕೊನೆಗೆ. ಗುತ್ತಿಗೆ ಯಾವಾಗ ಶುರು, ಎಷ್ಟು ವರ್ಷ, ಎಷ್ಟು ಸಲ ಮುಂದುವರಿಸಬಹುದು? ಇಷ್ಟು ಗೊತ್ತಾದರೆ ಮುಂದಿನ ಟೆಂಡರ್ ಯಾವಾಗ ಅಂತ ಗೊತ್ತಾಗುತ್ತೆ, ಅದಕ್ಕೂ ಮೊದಲೇ ಹೋಗಿ ಆ ಕಚೇರಿಯವರನ್ನು ಮಾತಾಡಿಸುತ್ತೇನೆ. ಇನ್ನೊಂದು, ಬಂದ ಬಿಡ್‌ಗಳ ಸಂಖ್ಯೆ. ಒಂದೇ ಕಚೇರಿಯಲ್ಲಿ ಪ್ರತಿ ಸಲ ಒಂದೇ ಬಿಡ್ ಬರುತ್ತಿದ್ದರೆ ಕಾರಣ ಹುಡುಕಲೇಬೇಕು. ನನ್ನ ದೊಡ್ಡ ಗ್ರಾಹಕರು ಸಿಕ್ಕಿದ್ದು ಹೀಗೇ. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದದ ಪ್ರಕಾರ ಗುತ್ತಿಗೆ ಕೊಟ್ಟ 72 ದಿನದೊಳಗೆ ಪ್ರಕಟಿಸಬೇಕು, ಆದ್ದರಿಂದ ಮಾಹಿತಿ ಹಳಸಿರುವುದಿಲ್ಲ.

ಸಬ್‌ಕಾಂಟ್ರಾಕ್ಟರ್: 72 ದಿನ ಅಂತ ಎಲ್ಲರಿಗೂ ಹೇಳಬೇಡಿ. ಆ ಒಪ್ಪಂದ ಅದಕ್ಕೆ ಸೇರಿದ ದೇಶಗಳಿಗೆ ಮಾತ್ರ. ಯುರೋಪಿಯನ್ ಯೂನಿಯನ್ನಿನ 2014ರ ನಿಯಮದಲ್ಲಿ 30 ದಿನ. ಅದಕ್ಕಿಂತ ಮುಖ್ಯ, ಆ ಒಪ್ಪಂದದ ಪ್ರಕಾರ ಗೆದ್ದ ಮೊತ್ತವನ್ನೇ ಹಾಕಬೇಕು ಅಂತಿಲ್ಲ. ಪರಿಗಣಿಸಿದ ಅತಿ ಹೆಚ್ಚು, ಅತಿ ಕಡಿಮೆ ಬಿಡ್ ಹಾಕಿದರೂ ಸಾಕು.

ಪ್ರಿಂಟರ್ ಸಪ್ಲೈ ಮಾಡುವವರು: ದಿನದ ಲೆಕ್ಕ ಹಿಡಿದು ಜಗಳ ಯಾಕ್ರೀ? ನಾನು ಹೇಳಿದ್ದು ಅವಧಿಯ ವಿಷಯ.

ಸಬ್‌ಕಾಂಟ್ರಾಕ್ಟರ್: ಅವಧಿ ಇರಲಿ, ಮೊತ್ತವೂ ಮೋಸ ಮಾಡುತ್ತೆ ಸ್ವಾಮಿ. ಫ್ರೇಮ್‌ವರ್ಕ್ ಒಪ್ಪಂದ (ಷರತ್ತು ಮೊದಲೇ ಗೊತ್ತುಮಾಡಿ, ಬೇಕಾದಾಗ ಆರ್ಡರ್ ಕೊಡುವುದು) ಆದರೆ ಅಲ್ಲಿರುವ ಮೊತ್ತ ಬರೀ ಗರಿಷ್ಠ ಮಿತಿ. ಅಷ್ಟು ಖರ್ಚಾಗುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ. ಯುರೋಪಿನಲ್ಲಿ ಅದರಡಿ ಕೊಡುವ ಪ್ರತಿ ಆರ್ಡರ್‌ಗೂ ಬೇರೆ ನೋಟಿಸ್ ಹಾಕಬೇಕಿಲ್ಲ. ಆ ಮಿತಿಗಳನ್ನೆಲ್ಲ ಕೂಡಿಸಿ ‘ಮಾರ್ಕೆಟ್ ಇಷ್ಟು ದೊಡ್ಡದು’ ಅಂತ ಬ್ಯಾಂಕಿಗೆ ತೋರಿಸಿದವರನ್ನು ನೋಡಿದ್ದೇನೆ. ನಾನಂತೂ ಗೆದ್ದವರ ಹೆಸರು ಮಾತ್ರ ಬರೆದುಕೊಳ್ಳುತ್ತೇನೆ. ಕೆಲಸ ಹಂಚುವವರು ಅವರೇ. ಟೆಂಡರ್ ಹಾಕದೆ ಊಟ ಮಾಡುತ್ತಿದ್ದೇನೆ.

ಸೆಕ್ಯುರಿಟಿ ಏಜೆನ್ಸಿಯವರು: ಹೌದು, ಗೆದ್ದವನು ರಿಸ್ಕ್ ಹೊರಬೇಕು, ನೀವು ಹಿಂದೆ ಕೂತು ಕೆಲಸ ತಗೊಳ್ಳಬೇಕು. ನನ್ನ ಸಬ್‌ಕಾಂಟ್ರಾಕ್ಟರ್ ಅರ್ಧದಲ್ಲಿ ಕೈಬಿಟ್ಟು ಹೋದಾಗ ದಂಡ ಕಟ್ಟಿದ್ದು ನಾನು!

ಸಬ್‌ಕಾಂಟ್ರಾಕ್ಟರ್: ಅದು ನಾನಲ್ಲ. ಅವನ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ? ನಿಮ್ಮಂಥವರು ಬಿಲ್ ತಡೆಹಿಡಿದು ಮುಳುಗಿಸಿದ ಸಣ್ಣ ಕಂಪನಿಗಳ ಕಥೆ ನಾನೂ ಹೇಳಬಲ್ಲೆ.

ಕೇಟರಿಂಗ್ ಮಾಡುವವರು: ಜಗಳ ಆಮೇಲೆ ಆಡಿ. ನಾವು ದುಡ್ಡು ಕೊಟ್ಟು ಡೇಟಾ ತಗೊಂಡಿದ್ದೆವು. ಯುರೋಪಿಯನ್ ಯೂನಿಯನ್ನಿನ ಟೆಂಡರ್ ನೋಟಿಸ್ ವೆಬ್‌ಸೈಟ್ ‘ಟೆಡ್’ನಲ್ಲಿ ಪುಕ್ಕಟೆ ಸಿಗುವ ನೋಟಿಸ್‌ಗಳನ್ನೇ ಎಕ್ಸೆಲ್‌ಗೆ ಹಾಕಿ ಕೊಟ್ಟಿದ್ದರು. ಅದರಲ್ಲೂ ಒಂದೇ ಕಂಪನಿಯ ಹೆಸರು ಮೂರ್ನಾಲ್ಕು ಥರ. ಕೂಡಿಸಿದರೆ ಯಾರ ಪಾಲು ಎಷ್ಟು ಅಂತಲೇ ತಿಳಿಯದು. ಎಲ್ಲ ನಾವೇ ಕೂತು ಸರಿ ಮಾಡಿದೆವು. ಮತ್ತೆ ಕೇಳಿದವರಿಗೆ: ಅಲ್ಲಿ ಒಂದೊಂದು ಬಗೆಯ ಕೆಲಸಕ್ಕೂ ಒಂದು ಕೋಡ್ ಇರುತ್ತೆ. ಕ್ಲೀನಿಂಗ್ ಸೇವೆಯ ಕೋಡ್ 90910000, ಕಚೇರಿ ಕ್ಲೀನಿಂಗ್ ಆದರೆ 90919200. ಎರಡೂ ಹುಡುಕಿ. ದೊಡ್ಡ ಕಟ್ಟಡ ನಿರ್ವಹಣೆ ಗುತ್ತಿಗೆಯೊಳಗೂ ಕ್ಲೀನಿಂಗ್ ಸೇರಿರುತ್ತೆ, ಅದು ಈ ಕೋಡ್‌ನಲ್ಲಿ ಸಿಗದೇ ಇರಬಹುದು.

ಪ್ರಿಂಟರ್ ಸಪ್ಲೈ ಮಾಡುವವರು: ಡೇಟಾ ಮಾರುವವರೆಲ್ಲ ಹಾಗಿಲ್ಲ. ನಾನು ಚಂದಾ ಕಟ್ಟುವ ಕಡೆ ಹೆಸರುಗಳನ್ನು ಸರಿ ಮಾಡಿಯೇ ಕೊಡುತ್ತಾರೆ.

ಕೇಟರಿಂಗ್ ಮಾಡುವವರು: ಕೊಡಬಹುದು. ಚಂದಾ ಎಷ್ಟು ಅಂತಲೂ ಹೇಳಿ ನೋಡೋಣ.