ಹರಿಹರ ಮೈಸೂರಿಗೆ, ಹರಪನಹಳ್ಳಿ ಮದ್ರಾಸಿಗೆ: 1799ರ ನಂತರ ಗೆರೆ ಬಿದ್ದದ್ದು ಹೇಗೆ?

ಪ್ರಶ್ನೆ (ದಾವಣಗೆರೆ):
ಹರಿಹರ, ಹರಪನಹಳ್ಳಿ ಅಕ್ಕಪಕ್ಕದ ತಾಲ್ಲೂಕುಗಳು. ಆದರೂ ಒಂದು ಮೈಸೂರು ಸಂಸ್ಥಾನದಲ್ಲಿತ್ತು, ಇನ್ನೊಂದು ಬಳ್ಳಾರಿ ಜೊತೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಟಿಪ್ಪು ಮಡಿದ ಮೇಲಿನ ಒಂದೇ ಒಪ್ಪಂದದಲ್ಲಿ ಹೀಗಾಯಿತೇ? ಮಕ್ಕಳಿಂದ ನಕ್ಷೆ ಬರೆಸಬೇಕಿದೆ, ತಿಳಿದವರು ಹೇಳಿ.

ಉತ್ತರ 1 (ಹರಿಹರ):
ಒಂದೇ ಒಪ್ಪಂದ ಅಲ್ಲ ಸರ್. 1799, 1800, 1803 ಅಂತ ಮೂರು ನಕ್ಷೆ ಬರೆಸಿ, ಇಲ್ಲದಿದ್ದರೆ ತಪ್ಪಾಗುತ್ತದೆ.

ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಜೂನ್ 22ರ ಪಾಲುಪಟ್ಟಿಯಲ್ಲಿ ಪೇಶ್ವೆಗೂ ಒಂದು ಪಾಲು ಎತ್ತಿಟ್ಟಿದ್ದರು: ಹರಪನಹಳ್ಳಿ, ಸೋದೆ, ಆನೆಗೊಂದಿ, ಜೊತೆಗೆ ಚಿತ್ರದುರ್ಗ ಮತ್ತು ಬಿದನೂರು ಸೀಮೆಯ ತುಂಡುಗಳು. ಕೋಟೆಗಳು ಮಾತ್ರ ಅದರಲ್ಲಿ ಇಲ್ಲ. ಷರತ್ತಿಗೆ ಪೇಶ್ವೆ ಒಪ್ಪಲಿಲ್ಲ, ಆ ಪಾಲನ್ನು ಕಂಪನಿ ಮತ್ತು ನಿಜಾಮ ಹಂಚಿಕೊಂಡರು. 1800ರ ಅಕ್ಟೋಬರ್‌ನಲ್ಲಿ ನಿಜಾಮ, ತನ್ನಲ್ಲಿದ್ದ ಕಂಪನಿ ಪಡೆಯ ಖರ್ಚಿಗೆಂದು, 1792 ಮತ್ತು 1799ರಲ್ಲಿ ಟಿಪ್ಪುವಿನ ರಾಜ್ಯದಿಂದ ಗಳಿಸಿದ್ದನ್ನೆಲ್ಲ ಬಿಟ್ಟುಕೊಟ್ಟ. ಹರಪನಹಳ್ಳಿ ಸಮೇತ ಬಳ್ಳಾರಿ ಸೀಮೆ ಮದ್ರಾಸಿಗೆ ಹೋದದ್ದು ಹೀಗೆ. ಅಲ್ಲಿ ಕಂದಾಯ ನಿಗದಿ ಮಾಡಿದವನು ಥಾಮಸ್ ಮನ್ರೋ.

ಹರಿಹರದ ದಾರಿ ಬೇರೆ. ಹೊಳಲ್ಕೆರೆ, ಮಾಯಕೊಂಡ, ಹರಿಹರವನ್ನು ಕಂಪನಿ 1803ರ ಡಿಸೆಂಬರ್‌ನಲ್ಲಿ ಮೈಸೂರಿಗೆ ಕೊಟ್ಟು, ಬದಲಿಗೆ ವಯನಾಡು ಮುಂತಾದವನ್ನು ಪಡೆಯಿತು. 1799ರ ನಕ್ಷೆಯಲ್ಲೇ ಇವಕ್ಕೆ ಮೈಸೂರಿನ ಬಣ್ಣ ಹಚ್ಚುವುದು ಎಲ್ಲರೂ ಮಾಡುವ ತಪ್ಪು.

ಉತ್ತರ 2 (ಚಿತ್ರದುರ್ಗ):
ಗಡಿಯಷ್ಟೇ ಹೇಳಿದರೆ ಸಾಲದು, ಹೊಸ ಸರ್ಕಾರದ ಲೆಕ್ಕವನ್ನೂ ಮಕ್ಕಳಿಗೆ ತೋರಿಸಿ. 5 ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯ ದಿವಾನರಾದರು. ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ (ಮದ್ರಾಸಿನ ಚಿನ್ನದ ವರಹ), ಅಂದರೆ ವರಹಕ್ಕೆ ಮೂರೂವರೆ ರೂಪಾಯಿಯಂತೆ 24.5 ಲಕ್ಷ ಕಟ್ಟಬೇಕಿತ್ತು. ಮೈಸೂರಿನ ಕಂಠೀರಾಯ ವರಹದ ಬೆಲೆ ಇದಕ್ಕಿಂತ ಕಡಿಮೆ. ಎರಡನ್ನೂ ಒಂದೇ ಅಂತ ಹಿಡಿದರೆ ಮೊತ್ತ ತಪ್ಪುತ್ತದೆ.

ಹಣ ನಿಲ್ಲುವ ಭಯ ಕಂಡರೆ ಆಡಳಿತವನ್ನೇ ಕಂಪನಿ ತೆಗೆದುಕೊಳ್ಳಬಹುದು ಎಂಬ ಕಲಮು 1799ರಲ್ಲಿ ಒಡೆಯರೊಂದಿಗೆ ಆದ ಒಪ್ಪಂದದಲ್ಲೇ ಇತ್ತು. ಮುಂದೆ ಶರ್ತಿ ಪದ್ಧತಿ ಬಂತು: ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ) ಇಂತಿಷ್ಟು ಕಂದಾಯ ಎತ್ತುತ್ತೇನೆ ಅಂತ ಬರೆದುಕೊಡಬೇಕು, ಕಡಿಮೆ ಬಿದ್ದರೆ ತಾನೇ ತುಂಬಬೇಕು. ಅವನು ರೈತನನ್ನು ಹಿಂಡಿದ. 1830ರಲ್ಲಿ ನಗರ (ಬಿದನೂರು) ಸೀಮೆ ದಂಗೆ ಎದ್ದಿತು, 1831ರಲ್ಲಿ ಆ ಕಲಮು ಹಿಡಿದೇ ಆಡಳಿತ ಕಿತ್ತುಕೊಂಡರು. ಒಡೆಯರಿಗೆ ರಾಜ್ಯ ಮರಳಿದ್ದು 1881ರಲ್ಲಿ.

ಉತ್ತರ 3 (ಚಿತ್ರದುರ್ಗ):
ನಮ್ಮ ಕೋಟೆಗೆ ಮೈಸೂರಿನ ಬಣ್ಣ ಹಚ್ಚಿದರೂ ಕಂಪನಿ ಪಡೆಯ ಗುರುತು ಹಾಕಿಸಿ. 1809ರ ಮದ್ರಾಸ್ ಸೇನೆಯ ಅಧಿಕಾರಿಗಳ ದಂಗೆಯಲ್ಲಿ ಎರಡು ಪಲ್ಟನ್ ಖಜಾನೆ ಹೊತ್ತು ಶ್ರೀರಂಗಪಟ್ಟಣಕ್ಕೆ ಹೊರಟದ್ದು ಇಲ್ಲಿಂದಲೇ. ಹರಪನಹಳ್ಳಿಗೆ ಮುಂದಿನ ಇಸವಿಗಳನ್ನೂ ಸೇರಿಸಿ: 1953ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಯಲ್ಲಿ.