ಸಹಾಯ ಬೇಕು: ಬೊಲಿವಿಯನ್ ರಾಮ್ ಮೊಟ್ಟೆ ಪ್ರತಿ ಸಲ ಬೆಳ್ಳಗಾಗುತ್ತಿದೆ

ಅಕ್ವೇರಿಯಂನಲ್ಲಿ ಬೊಲಿವಿಯನ್ ರಾಮ್ ಮೀನಿನ ಮರಿ ಮಾಡಿಸಿದವರು ಯಾರಾದರೂ ಇದ್ದೀರಾ?

ನನ್ನ ಜೋಡಿ ಚಪ್ಪಟೆ ಕಲ್ಲನ್ನು ಬಾಯಿಂದ ಉಜ್ಜಿ ಚೊಕ್ಕ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಎರಡೂ ಸರದಿಯಲ್ಲಿ ಕಾಯುತ್ತವೆ, ಈಜುರೆಕ್ಕೆ ಬೀಸಿ ನೀರಾಡಿಸುತ್ತವೆ. ಆದರೂ ಮಾರನೇ ದಿನಕ್ಕೆ ಮೊಟ್ಟೆಯೆಲ್ಲ ಬೆಳ್ಳಗೆ, ಅಂದರೆ ಕೆಟ್ಟಂತೆ. ಆಮೇಲೆ ಅವೇ ತಿಂದು ಮುಗಿಸುತ್ತವೆ. ಎರಡು ಮೂರು ದಿನದಲ್ಲಿ ಒಡೆದು, ಮರಿಗಳನ್ನು ಮರಳಿನ ಗುಂಡಿಗೆ ಸಾಗಿಸಬೇಕಿತ್ತು ಅಲ್ವಾ? ಆ ಹಂತವೇ ಬರುತ್ತಿಲ್ಲ.

ನೀರು 26 ಡಿಗ್ರಿ, ಪಿಎಚ್ 7.2. ದಕ್ಷಿಣ ಅಮೆರಿಕದ ಮಾಮೊರೆ, ಗ್ವಾಪೊರೆ ನದಿ ಕಡೆಯ ಈ ಮೀನು ತನ್ನ ಹತ್ತಿರದ ಜಾತಿ ನೀಲಿ ರಾಮ್‌ನಷ್ಟು ನಾಜೂಕಲ್ಲ, ಹಾಗಾಗಿ ನೀರಿನ ಮೇಲೆ ನನಗೆ ಅಷ್ಟು ಅನುಮಾನವಿಲ್ಲ. ತಳಕ್ಕೆ ನುಣ್ಣನೆ ಮರಳಿದೆ. ಹೊಟ್ಟೆಪಾಡೂ ಚೆನ್ನಾಗಿದೆ: ಬಾಯಿ ತುಂಬ ಮರಳು ತುಂಬಿಕೊಂಡು, ಮೆಲ್ಲಗೆ ಜಗಿದು, ತಿನ್ನೋದನ್ನು ಉಳಿಸಿಕೊಂಡು ಉಳಿದದ್ದನ್ನು ಕಿವಿರಿನಿಂದ ಉದುರಿಸುತ್ತವೆ. ಸುಮ್ನೆ ನೋಡ್ತಾ ಕೂರಬಹುದು!

ನನಗೆ ಜಾಸ್ತಿ ಅನುಮಾನ ಇರೋದು ಎರಡೂ ಹೆಣ್ಣೇನೋ, ಅದಕ್ಕೇ ಮೊಟ್ಟೆ ಫಲಿತವಾಗುತ್ತಿಲ್ಲವೇನೋ ಅಂತ. ಗಂಡಿಗೆ ಬಾಲದ ತುದಿಯ ಎಳೆಗಳು ಉದ್ದ ಅಂತಾರೆ, ಇವೆರಡರಲ್ಲಿ ಅಂಥ ವ್ಯತ್ಯಾಸವೇ ಕಾಣುತ್ತಿಲ್ಲ. ಮೊಟ್ಟೆ ಇಡುವಾಗ ಹೊಟ್ಟೆಯಡಿ ಕಾಣುವ ನಾಳ ಎರಡಕ್ಕೂ ದಪ್ಪ, ಮೊಂಡು. ಗಂಡಿನದು ಸಣ್ಣಗೆ ಚೂಪಾಗಿರಬೇಕಲ್ಲ?

ಇಷ್ಟರಿಂದಲೇ ಎರಡೂ ಹೆಣ್ಣು ಅಂತ ತೀರ್ಮಾನಿಸಬಹುದಾ? ಅಥವಾ ಮುಂದಿನ ಸಲ ಕಲ್ಲು ಸಮೇತ ಮೊಟ್ಟೆ ತೆಗೆದು, ಬೇರೆ ತೊಟ್ಟಿಯಲ್ಲಿ ಗಾಳಿ ಬಿಟ್ಟು ನೋಡಲಾ? ಫೋಟೊ ಬೇಕಿದ್ದರೆ ಕಾಮೆಂಟಿನಲ್ಲಿ ಹಾಕುತ್ತೇನೆ.