ಕನಿಷ್ಕ ವಿಮಾನದ ಕುಟುಂಬಗಳ ಕುರಿತ ನಾಟಕ: ಎಷ್ಟರ ಮಟ್ಟಿಗೆ ಕಲ್ಪಿಸಬಹುದು?

ಪ್ರಶ್ನೆ (ಹವ್ಯಾಸಿ ನಿರ್ದೇಶಕ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. 1985ರ ಜೂನ್ 23ರಂದು ಐರ್ಲೆಂಡ್ ತೀರದಾಚೆ ಬಾಂಬ್ ಸಿಡಿದು ಸಮುದ್ರಕ್ಕೆ ಬಿದ್ದ ಏರ್ ಇಂಡಿಯಾದ ‘ಕನಿಷ್ಕ’ ವಿಮಾನದಲ್ಲಿ 329 ಜನ ಮಡಿದರು. ಅವರ ಕುಟುಂಬದವರು ಕೆನಡಾದಲ್ಲಿ ನ್ಯಾಯಕ್ಕಾಗಿ ಅಲೆದ ಕಥೆಯನ್ನು ದಾಖಲೆಗಳ ಆಧಾರದ ಮೇಲೆ ರಂಗಕ್ಕೆ ತರಬೇಕೆಂದು ನಮ್ಮ ತಂಡ ಹೊರಟಿದೆ. ನಾನು ಬರೆದ ಮೊದಲ ಕರಡಿನಲ್ಲಿ ವಿಮಾನ ನಿಲ್ದಾಣದಲ್ಲಿ ಮಗನಿಗಾಗಿ ಕಾಯುವ ಒಬ್ಬ ತಾಯಿ ಇದ್ದಾಳೆ. ಆಕೆ ಯಾವ ದಾಖಲೆಯಲ್ಲೂ ಇಲ್ಲ, ನನ್ನ ಕಲ್ಪನೆಯವಳು. ನಮ್ಮ ತಂಡದ ಹಿರಿಯರೊಬ್ಬರು ಓದಿ, ‘ಇಷ್ಟು ಜನ ನಿಜವಾದ ತಾಯಂದಿರು ಇರುವಾಗ ಇಲ್ಲದವಳನ್ನೇಕೆ ತಂದು ಅಳುವಂತೆ ಮಾಡುತ್ತೀಯಪ್ಪ?’ ಎಂದರು. ಅಂದಿನಿಂದ ಕೈ ಓಡುತ್ತಿಲ್ಲ. ಇನ್ನೊಂದು ತೊಡಕೆಂದರೆ, ಮುಖ್ಯ ಆರೋಪಿಗಳಿಬ್ಬರೂ ಕೊನೆಗೆ ಖುಲಾಸೆಯಾದ ಮೊಕದ್ದಮೆಯ ನಾಟಕವನ್ನು ಎಲ್ಲಿಗೆ ತಂದು ನಿಲ್ಲಿಸಬೇಕು?

ಉತ್ತರ 1 (ನಿವೃತ್ತ ವಕೀಲ, ಚಿತ್ರದುರ್ಗ)

ನಿಮ್ಮ ಹಿರಿಯರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದಕ್ಕಿಂತ ದೊಡ್ಡ ಅಪಾಯ ನಿಮ್ಮ ಎರಡನೆಯ ಪ್ರಶ್ನೆಯಲ್ಲಿದೆ. ಖುಲಾಸೆಯಾದವರನ್ನು ರಂಗದ ಮೇಲೆ ಅಪರಾಧಿಗಳನ್ನಾಗಿ ಮಾಡುವ ಅಧಿಕಾರ ನಮಗಿಲ್ಲ. 2005ರ ಮಾರ್ಚ್ 16ರಂದು ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯವು ಪ್ರಾಸಿಕ್ಯೂಷನ್ನಿನ ಮುಖ್ಯ ಸಾಕ್ಷಿಗಳನ್ನು ನಂಬಲಾಗದು ಎಂಬ ಕಾರಣಕ್ಕೆ ಅವರನ್ನು ಬಿಡುಗಡೆ ಮಾಡಿತು. ಕುಟುಂಬದವರಿಗೆ ಅದು ಸಿಡಿಲು ಬಡಿದಂತಾಯಿತು. ಆ ತೀರ್ಪು ಮತ್ತು ಆ ಸಂಕಟ ಎರಡೂ ನಿಜ, ಒಂದನ್ನು ಒಪ್ಪಿಕೊಂಡರೆ ಇನ್ನೊಂದು ಸುಳ್ಳಾಗುವುದಿಲ್ಲ.

ನಿಮ್ಮ ನಾಟಕದ ಕೇಡಿಗನನ್ನು ಕಟಕಟೆಯಲ್ಲಿ ಹುಡುಕುವ ಬದಲು ಕಡತಗಳಲ್ಲಿ ಹುಡುಕಿ. ವ್ಯಾಂಕೂವರಿನಲ್ಲಿ ಒಬ್ಬ ಪ್ರಯಾಣಿಕನ ಹೆಸರಿನಲ್ಲಿ ಸೂಟ್‌ಕೇಸ್ ವಿಮಾನಕ್ಕೇರಿತು, ಆ ಪ್ರಯಾಣಿಕ ಮಾತ್ರ ಏರಲಿಲ್ಲ. ಕೆನಡಾದ ಗುಪ್ತಚರ ಸಂಸ್ಥೆಯು ಶಂಕಿತರ ದೂರವಾಣಿ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿತ್ತು, ಆಮೇಲೆ ಆ ಟೇಪುಗಳಲ್ಲಿ ನೂರಕ್ಕೂ ಹೆಚ್ಚನ್ನು ತಾನೇ ಅಳಿಸಿಹಾಕಿತು. ಮುಖ್ಯ ಆರೋಪಿಗಳ ಬಂಧನವಾದದ್ದು 2000ದ ಅಕ್ಟೋಬರಿನಲ್ಲಿ, ಅಂದರೆ ಸ್ಫೋಟವಾಗಿ ಹದಿನೈದು ವರ್ಷ ಕಳೆದ ಮೇಲೆ. ಇಡೀ ಪ್ರಕರಣದಲ್ಲಿ ಶಿಕ್ಷೆಯಾದದ್ದು ಬಾಂಬಿನ ಸಾಮಗ್ರಿ ಒದಗಿಸಿದ ಇಂದರ್‌ಜಿತ್ ಸಿಂಗ್ ರೇಯಾತ್ ಒಬ್ಬನಿಗೆ. 2003ರಲ್ಲಿ ಅವನು ಕೊಲೆಯಲ್ಲದ ನರಹತ್ಯೆಯ ಆರೋಪ ಒಪ್ಪಿಕೊಂಡಾಗ ಐದು ವರ್ಷ ವಿಧಿಸಿದರು. 329 ಜೀವಕ್ಕೆ ಐದು ವರ್ಷ ಎಂಬ ಲೆಕ್ಕವನ್ನು ನಟ ಬರಿದೇ ಓದಿದರೆ ಸಾಕು, ಅದಕ್ಕೆ ಹಿನ್ನೆಲೆ ಸಂಗೀತ ಬೇಡ.

ಒಂದು ಕಾನೂನಿನ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ನ್ಯಾಯಾಲಯವೇ ನಿಷೇಧಿಸದ ಹೊರತು ತೀರ್ಪನ್ನು ಪುನರ್ಮುದ್ರಿಸಬಹುದು. ಪತ್ರಕರ್ತರು ಮಾಡಿದ ಸಂದರ್ಶನಕ್ಕೂ ಕುಟುಂಬದವರೇ ಬರೆದ ನೆನಪುಗಳಿಗೂ ಅನುಮತಿ ಕೇಳಲೇಬೇಕು.

ಉತ್ತರ 2 (ಪ್ರೇಕ್ಷಕ, ದಾವಣಗೆರೆ)

ವಕೀಲರು ಕ್ಷಮಿಸಬೇಕು. ಕಂಪನಿ ನಾಟಕ ನೋಡಿ ಬೆಳೆದ ಊರು ಇದು. ಇಸವಿ ಮತ್ತು ಕಲಮುಗಳನ್ನು ಒಂದೂವರೆ ಗಂಟೆ ಓದುತ್ತಾ ಹೋದರೆ ಮೊದಲ ಅರ್ಧ ಗಂಟೆಯಲ್ಲೇ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಆ ತಾಯಿ ಇರಲಿ ಎಂದೇ ನನ್ನ ಅಭಿಪ್ರಾಯ.

ಉತ್ತರ 3 (ರಂಗನಟಿ, ಹೊಸದುರ್ಗ)

ಪ್ರೇಕ್ಷಕರು ಎದ್ದುಹೋಗುತ್ತಾರೆ ಎಂಬ ಭಯ ನನಗೂ ಇದೆ. ಆದರೆ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಹಳ್ಳಿಯ ಜನ ಚಳಿಯಲ್ಲಿ ಕಂಬಳಿ ಹೊದ್ದು, ಪರಿಚಯವೇ ಇಲ್ಲದ ವಸ್ತುವಿನ ನಾಟಕಗಳನ್ನು ಕೊನೆಯವರೆಗೆ ನೋಡಿದ್ದನ್ನು ಕಂಡಿದ್ದೇನೆ. ಆದ್ದರಿಂದ ತೊಡಕು ವಸ್ತುವಿನದಲ್ಲ, ಅದನ್ನು ಹೇಳುವ ಬಗೆಯದು.

ನಮ್ಮ ಮೂಡಲಪಾಯ ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು ‘ತಾವು ಯಾರು, ಯಾವ ಊರು, ಬಂದ ಕಾರಣವೇನು’ ಎಂದು ಕೇಳುತ್ತಾನಲ್ಲ, ಆ ಸಾರಥಿಯನ್ನು ತನ್ನಿ. ಕಲ್ಪನೆ ಅವನೊಬ್ಬನಲ್ಲೇ ಇರಲಿ. ಉತ್ತರಗಳೆಲ್ಲ ಕುಟುಂಬದವರು ಕೆನಡಾದ ವಿಚಾರಣಾ ಆಯೋಗದ ಮುಂದೆ ಬಹಿರಂಗವಾಗಿ ಹೇಳಿದ ಮಾತುಗಳಿಂದಲೇ ಬರಲಿ. ಹೆಸರು ಬೇಡ, ತಂದೆ, ಹೆಂಡತಿ, ತಂಗಿ ಎಂದರೆ ಸಾಕು.

ಈ ಪ್ರಕರಣದಲ್ಲಿ ‘ಯಾವ ಊರು’ ಎಂಬ ಪ್ರಶ್ನೆಗೇ ಎಲ್ಲಕ್ಕಿಂತ ಹೆಚ್ಚು ಮೊನೆಯಿದೆ. ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳಾಗಿದ್ದರೂ ಅಲ್ಲಿನ ಪ್ರಧಾನಿ ಮಲ್ರೋನಿ ಅಂದು ರಾಜೀವ್ ಗಾಂಧಿಯವರಿಗೆ ಫೋನ್ ಮಾಡಿ ಸಂತಾಪ ಸೂಚಿಸಿದರು. ಇವರು ನಮ್ಮವರು ಎಂದು ಆ ದೇಶ ಒಪ್ಪಿಕೊಳ್ಳಲು ಕಾಲು ಶತಮಾನ ಬೇಕಾಯಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗವು 2010ರ ಜೂನ್‌ನಲ್ಲಿ ಕೊಟ್ಟ ವರದಿಗೆ ‘ಕೆನಡಾದ ದುರಂತ’ ಎಂಬ ಅರ್ಥದ ಹೆಸರಿಟ್ಟಿತು, ಕೆಲವೇ ದಿನಗಳಲ್ಲಿ ಪ್ರಧಾನಿ ಹಾರ್ಪರ್ ಕ್ಷಮೆ ಕೇಳಿದರು. ಸಾರಥಿ ಅದೇ ಪ್ರಶ್ನೆಯನ್ನು 1985ರಲ್ಲಿ ಒಮ್ಮೆ, 2005ರಲ್ಲಿ ಒಮ್ಮೆ, 2010ರಲ್ಲಿ ಇನ್ನೊಮ್ಮೆ ಕೇಳಲಿ. ನಾಟಕ ಎಲ್ಲಿ ನಿಲ್ಲಬೇಕೆಂದು ಆಗ ನಿಮಗೇ ತಿಳಿಯುತ್ತದೆ. ವಿಮಾನ ಸಿಡಿಯುವ ಸದ್ದನ್ನಂತೂ ದಯವಿಟ್ಟು ಹಾಕಬೇಡಿ.

ಪ್ರಶ್ನೆ ಕೇಳಿದವರು

ಮೇಡಂ, ಸದ್ದನ್ನು ನಿನ್ನೆಯೇ ತೆಗೆದೆ. ಆ ತಾಯಿಯನ್ನು ತೆಗೆಯಲು ಇನ್ನೂ ಮನಸ್ಸು ಬಂದಿಲ್ಲ. ಆಕೆಯ ಮಾತುಗಳನ್ನೆಲ್ಲ ಹೊಡೆದುಹಾಕಿ, ಸಾರಥಿ ಕೇಳುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುವಂತೆ ಮಾಡಿ ಒಂದು ತಾಲೀಮು ನಡೆಸಿ ನೋಡುತ್ತೇವೆ. ಸಾರಥಿಯ ನಡೆ ಮತ್ತು ಮಾತಿನ ಧಾಟಿಯನ್ನು ಕಲಿಸಬಲ್ಲ ಹಿರಿಯ ಕಲಾವಿದರು ಹರಿಹರ ಅಥವಾ ಜಗಳೂರಿನ ಕಡೆ ಯಾರಾದರೂ ಇದ್ದರೆ ಇಲ್ಲಿ ತಿಳಿಸಿ. ಹೋಗಿಬರುವ ಖರ್ಚು ನಮ್ಮದು.